ಕೆನ್ನೆಯ ಹಳದಿ

ಚಿಕ್ಕತಾಯಮ್ಮನ ಹಳದಿ ಒಂದೇ ದಿನದಲ್ಲಿ ಇಳಿದುಹೋಯಿತು.

ಮೈಸೂರಿನ ಆಸ್ಪತ್ರೆಯ ಕಂಟ್ರೋಲ್ ರೂಮಿನಲ್ಲಿ ಅದನ್ನು ಮೊದಲು ಕಂಡವನು ಇರ್ಫಾನ್. ಪಕ್ಕದ ಮೇಜಿನಿಂದ ಕುರ್ಚಿಯನ್ನು ಉರುಳಿಸಿಕೊಂಡು ಬಂದು ಮೇದಿನಿಯ ಪರದೆಯ ಮೇಲೆ ಬೆರಳಿಟ್ಟ.

“ನೋಡಿ ನಿಮ್ಮ ಅಜ್ಜಿನ. ನಿನ್ನೆವರೆಗೂ ಅಂಚಲ್ಲಿ ಓಲಾಡ್ತಿದ್ರು. ಇವತ್ತು ಪಕ್ಕಾ ಹಸಿರು. ನಮ್ಮನ್ನೆಲ್ಲ ಕಳಿಸಿಯೇ ಹೋಗೋದು ಇವರು.”

“ಒಳ್ಳೇದಾಯ್ತು,” ಎಂದಳು ಮೇದಿನಿ.

ಅವಳು ಎಲ್ಲದಕ್ಕೂ ಹೀಗೇ ಅನ್ನುತ್ತಿದ್ದಳು. ಗಂಡ ಸುಮುಖ ನಂಜನಗೂಡು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಒಳ್ಳೆಯದೂ ಕೆಟ್ಟದ್ದೂ ಒಂದೇ ತೂಕದಲ್ಲಿ ಬಂದು ಅವಳ ಮೇಲೆ ಬೀಳುತ್ತಿದ್ದವು. ಕೆಲಸದಲ್ಲಿ ಮಾತ್ರ ತಪ್ಪು ಬರುತ್ತಿರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಎರಡು ಪದವಿ ಪಡೆದವಳು. ಮಾತು ಬೇಡದ ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಅವರು ಕಾಯುತ್ತಿದ್ದುದು ಪಿತ್ತನಾಳಗಳನ್ನು. ಪಿತ್ತಜನಕಾಂಗದಿಂದ ಕರುಳಿಗೆ ಪಿತ್ತ ಹರಿದುಹೋಗುವ ನಾಳ ಕಿರುಬೆರಳಿನಷ್ಟೂ ದಪ್ಪವಿಲ್ಲ. ಅದರ ಮಗ್ಗುಲಲ್ಲಿ ಕ್ಯಾನ್ಸರಿನ ಗೆಡ್ಡೆ ಬೆಳೆದರೆ ನಾಳ ಹಿಸುಕಿಹೋಗುತ್ತದೆ. ದಾರಿ ಕಾಣದ ಪಿತ್ತ ರಕ್ತಕ್ಕೆ ತಿರುಗುತ್ತದೆ. ಕಣ್ಣು, ಚರ್ಮ, ಮೂತ್ರ ಎಲ್ಲ ಹಳದಿ. ಮೈ ಪೂರ್ತಿ ನವೆ. ಗೆಡ್ಡೆ ತೆಗೆಯುವ ಕಾಲ ಮೀರಿದವರಿಗೆ ವೈದ್ಯರು ಬಾಯಿಯಿಂದ ಕೊಳವೆ ಇಳಿಸಿ ಆ ಇಕ್ಕಟ್ಟಿನಲ್ಲಿ ಲೋಹದ ಬಲೆಯ ಒಂದು ಸಣ್ಣ ನಳಿಗೆಯನ್ನು ಬಿಡಿಸಿ ಕೂರಿಸುತ್ತಾರೆ. ಅದೇ ಸ್ಟೆಂಟ್. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಪಿತ್ತಕ್ಕೆ ದಾರಿಯಾಗುತ್ತದೆ, ಅಷ್ಟೆ. ಇರುವಷ್ಟು ದಿನ ಅನ್ನ ಸೇರುತ್ತದೆ, ನಿದ್ದೆ ಬರುತ್ತದೆ.

ಹಳೆಯ ಸ್ಟೆಂಟುಗಳು ಕೆಲವು ತಿಂಗಳಲ್ಲೇ ಗಸಿ ಕಟ್ಟಿಕೊಂಡು ಮುಚ್ಚಿಹೋಗುತ್ತಿದ್ದವು. ಮುಚ್ಚಿದ ನಾಳದಲ್ಲಿ ಸೋಂಕು ಹತ್ತಿದರೆ ರೋಗಿ ಎರಡು ದಿನವೂ ತಾಳುತ್ತಿರಲಿಲ್ಲ. ಹೊಸ ಸ್ಟೆಂಟು ತನ್ನನ್ನು ತಾನೇ ಕೊಡವಿಕೊಳ್ಳಬಲ್ಲದಾಗಿತ್ತು. ರೋಗಿ ಬೆಳಿಗ್ಗೆ ಹೊಟ್ಟೆಗೊಂದು ಪಟ್ಟಿ ಕಟ್ಟಿಕೊಳ್ಳಬೇಕು. ಮೈಸೂರಿನಿಂದ ಆಜ್ಞೆ ಹೋದರೆ ಪಟ್ಟಿಯೊಳಗಿನ ಅಯಸ್ಕಾಂತ ಮಿಡಿಯುತ್ತದೆ, ಒಳಗಿನ ಬಲೆ ನಡುಗುತ್ತದೆ, ಗಸಿ ಕಳಚಿ ಕರುಳಿಗೆ ಜಾರುತ್ತದೆ. ಆದರೆ ಪ್ರತಿ ನಡುಕಕ್ಕೂ ಲೋಹ ಒಂದಿಷ್ಟು ದಣಿಯುತ್ತದೆ. ಬೇಕಿಲ್ಲದಾಗ ಕೊಡವಿದರೆ ತಂತಿ ಮುರಿದು ನಾಳವನ್ನೇ ಕೊಯ್ಯಬಹುದು. ಹಿಂದೆ ಒಬ್ಬರಿಗೆ ಹಾಗಾದ ಮೇಲೆ, ಕೊಡವುವ ಆಜ್ಞೆಯನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೇ ಒಪ್ಪಿಸಿದ್ದರು.

ಯಂತ್ರಕ್ಕೆ ಇದ್ದುದು ಎರಡು ಸಾಕ್ಷಿ. ಒಂದು, ಸ್ಟೆಂಟಿನೊಳಗೆ ಒತ್ತಡ ಅಳೆಯುವ ಕಣ. ಅದರ ಮೇಲೇ ಗಸಿ ಕೂತರೆ ಅದು ಮಂಕಾಗುತ್ತಿತ್ತು, ಹಾಗಾಗಿ ಅದರ ಮಾತಿಗೆ ಬೆಲೆ ಕಡಿಮೆ. ಇನ್ನೊಂದು, ರೋಗಿಯ ಮನೆಯಲ್ಲಿ ತೂಗುಹಾಕಿದ ಕನ್ನಡಿ. ಬೆಳಿಗ್ಗೆ ಅದರ ಮುಂದೆ ನಿಂತರೆ ಕೆನ್ನೆಯ ಬಣ್ಣವನ್ನು ಅಳೆದು ಮೊದಲ ದಿನದ ಬಣ್ಣದ ಜೊತೆ ಹೋಲಿಸಿ, ಹಳದಿ ಎಷ್ಟು ಏರಿದೆ ಎಂಬ ಒಂದೇ ಒಂದು ಸಂಖ್ಯೆಯನ್ನು ಕಳಿಸುತ್ತಿತ್ತು. ಮುಖದ ಚಿತ್ರವನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಕಣ್ಣಿನ ಬಿಳಿಯನ್ನು ನೋಡಬಹುದಿತ್ತು. ಆದರೆ ಬಿಸಿಲಲ್ಲಿ ದುಡಿದು ಮುದುಕರಾದವರ ಕಣ್ಣಿನ ಬಿಳಿ ಬಿಳಿಯಾಗಿರುವುದಿಲ್ಲ ಎಂದು ಯಂತ್ರ ಕಟ್ಟಿದವರು ಆ ಯೋಚನೆಯನ್ನೇ ಬಿಟ್ಟಿದ್ದರು.

ಹಳದಿ ಇಳಿಯಿತೆಂದು ಯಂತ್ರ ತನ್ನಷ್ಟಕ್ಕೆ ತೀರ್ಮಾನಿಸಿತು. ಚಿಕ್ಕತಾಯಮ್ಮನ ಸ್ಟೆಂಟು ಇನ್ನು ದಿನವೂ ನಡುಗಬೇಕಿಲ್ಲ.

*

ಆ ಕನ್ನಡಿಯನ್ನು ಗೋಡೆಗೆ ಹಾಕಿ ಬಂದವಳು ಮೇದಿನಿಯೇ.

ಚಾಮರಾಜನಗರ ದಾಟಿ ಮುಂದೆ, ಅರಿಶಿನ ಬೆಳೆಯುವ ಸೀಮೆ. ಚಿಕ್ಕತಾಯಮ್ಮನ ಗಂಡ ರಂಗಶೆಟ್ಟಿ ಬೇಯಿಸಿ ಒಣಗಿಸಿದ ಅರಿಶಿನದ ಕೊಂಬನ್ನು ಡ್ರಮ್ಮಿಗೆ ಹಾಕಿ ತಿರುಗಿಸಿ ಹೊಳಪು ಕೊಡುವ ಕೆಲಸದವನು. ಅವನ ಅಂಗಿ, ಉಗುರು, ರೆಪ್ಪೆಗೂದಲು ಎಲ್ಲ ಅರಿಶಿನದ ಧೂಳು.

“ನಮ್ಮೂರಲ್ಲಿ ಹಳದಿ ಆಗ್ದೆ ಇರೋದು ಯಾವುದವ್ವ ಅದೆ?” ಎಂದು ಅವನು ಅಂದು ನಕ್ಕಿದ್ದ. “ನಾಯಿನೂ ಹಳದಿ. ಇವ್ಳು ಕಾಮಾಲೆಯಾಗಿ ತಿಂಗಳಾದ್ರೂ ನಂಗೆ ಗೊತ್ತಾಗ್ನಿಲ್ಲ. ವಸಿ ಜಾಸ್ತಿ ಬಳ್ಕತಾವ್ಳೆ, ಯಾರ್ಗೋ ತೋರ್ಸಕ್ಕೆ ಅನ್ಕಂಡಿದ್ದೆ.”

“ಯಾರ್ಗೆ ತೋರ್ಸನಾ ಈ ವಯಸ್ಸಲ್ಲಿ, ನಿನ್ನ ಡ್ರಮ್ಮಿಗಾ?” ಎಂದಿದ್ದಳು ಚಿಕ್ಕತಾಯಮ್ಮ. ಮೈ ಸೊರಗಿತ್ತು, ಬಾಯಿ ಸೊರಗಿರಲಿಲ್ಲ. ಸ್ಟೆಂಟನ್ನು ಆಕೆ ಸ್ಪ್ರಿಂಗು ಎನ್ನುತ್ತಿದ್ದಳು. ಅದು ನಡುಗಿದಾಗ ಹೇಗಾಗುತ್ತದೆಂದು ಕೇಳಿದರೆ “ಹೊಟ್ಟೆ ಒಳಗೆ ಜೀರುಂಡೆ ಕುಂತಂಗಾಯ್ತದೆ” ಎಂದಳು.

ಮೊದಲ ದಿನದ ಬಣ್ಣ ಹಿಡಿಯುವಾಗ ಆಕೆ, “ಮೊಕ ತೊಳ್ಕಂಡು ಬರ್ಲಾ?” ಎಂದು ಕೇಳಿದ್ದಳು. ಸ್ನಾನ ಮುಗಿಸಿ, ಹಣೆ ತುಂಬ ಕುಂಕುಮ, ಎರಡೂ ಕೆನ್ನೆಗೆ ದಪ್ಪಗೆ ಅರಿಶಿನ ಹಚ್ಚಿಕೊಂಡು ನಿಂತಿದ್ದಳು. ಕೈಪಿಡಿಯಲ್ಲಿ ಬರೆದಿದ್ದುದು, ರೋಗಿ ದಿನವೂ ಹೇಗಿರುತ್ತಾರೋ ಹಾಗೆಯೇ ನಿಲ್ಲಬೇಕೆಂದು. ಮೇದಿನಿ ಕೇಳಿದಳು, “ದಿನಾ ಹಚ್ಕೊತೀರಾ ಅಮ್ಮ?”

“ಮದ್ವೆಯಾದ ದಿನದಿಂದ ಬುಟ್ಟಿಲ್ಲ ಕನವ್ವ.”

“ಹಾಗಾದ್ರೆ ಹಾಗೇ ನಿಂತ್ಕೊಳ್ಳಿ.”

ಅಂದಿನ ರಕ್ತಪರೀಕ್ಷೆಯಲ್ಲಿ ಪಿತ್ತ ಸರಿಯಾದ ಮಟ್ಟಕ್ಕೆ ಇಳಿದಿತ್ತು. ಆ ಮುಖವೇ ಆರೋಗ್ಯದ ಮುಖವೆಂದು ಕನ್ನಡಿ ಕಲಿತುಕೊಂಡಿತು.

*

ಹಳದಿ ಇಳಿದು ವಾರ ಕಳೆದ ಮೇಲೆ ಒಂದು ಶುಕ್ರವಾರ. ಕುವೆಂಪುನಗರದ ಮನೆಯಲ್ಲಿ ಮೇದಿನಿ ಕೆಲಸಕ್ಕೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು. ಅತ್ತೆ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದರು. ಒದ್ದೆ ಕೂದಲಿಗೆ ಟವೆಲ್ಲು, ಕೆನ್ನೆಗೆ ಅರಿಶಿನ. ಸೊಸೆ ತನ್ನನ್ನೇ ನೋಡುತ್ತ ನಿಂತದ್ದು ಕಂಡು ಅವರಿಗೆ ಏನೋ ತಪ್ಪು ಮಾಡಿದಂತಾಗಿ, ಸೆರಗಿನಿಂದ ಕೆನ್ನೆ ಒರೆಸಿಕೊಳ್ಳತೊಡಗಿದರು. ಬಚ್ಚಲ ಮನೆಯ ಅರಿಶಿನದ ಡಬ್ಬಿಯನ್ನು ಮೊದಲು ಇಬ್ಬರೂ ಬಳಸುತ್ತಿದ್ದರು. ಈಗ ಅದು ಬೇಗ ಮುಗಿಯುತ್ತಿರಲಿಲ್ಲ.

“ಯಾಕಮ್ಮ ಹಾಗೆ ನಿಂತೆ?”

“ಅತ್ತೆ, ನಾನು ಇದನ್ನ ಹಚ್ಕೊಳೋದು ಯಾವತ್ತು ಬಿಟ್ಟೆ?”

ಅತ್ತೆ ಟವೆಲ್ಲು ಬಿಚ್ಚಿ ಕೂದಲು ಒರೆಸಿಕೊಂಡರು. “ಹನ್ನೊಂದನೇ ದಿನ,” ಎಂದರು. ಆಮೇಲೆ, “ನಾವ್ಯಾರೂ ಬಿಡು ಅನ್ನಲಿಲ್ಲ ಮೇದಿನಿ. ನೀನಾಗೇ ಮುಖ ತೊಳ್ಕೊಂಡು ಬಂದೆ.”

“ಒಂದೇ ದಿನದಲ್ಲಿ ಅಲ್ವಾ?”

“ಮತ್ತೆ ಅದನ್ನ ದಿನಕ್ಕಿಷ್ಟು ಅಂತ ಬಿಡಕ್ಕಾಗತ್ತಾ?”

ಮೇದಿನಿ ಬಸ್ಸಿಗೆ ಕಾಯದೆ ಆಟೋ ಹಿಡಿದಳು.

ಪರದೆಯ ಮೇಲೆ ಚಿಕ್ಕತಾಯಮ್ಮನ ಗೆರೆಯನ್ನು ದೊಡ್ಡದು ಮಾಡಿ ನೋಡಿದಳು. ಮುಚ್ಚಿದ ನಾಳ ತೆರೆದರೆ ಹಳದಿ ಇಳಿಜಾರಿನಲ್ಲಿ ಇಳಿಯುತ್ತದೆ, ದಿನಕ್ಕಿಷ್ಟು. ಇಲ್ಲಿ ಇಳಿಜಾರಿರಲಿಲ್ಲ. ಮೆಟ್ಟಿಲಿತ್ತು. ಒಂದು ಬೆಳಿಗ್ಗೆಗೂ ಮರು ಬೆಳಿಗ್ಗೆಗೂ ನಡುವೆ ಯಾರೋ ಅಳಿಸಿದಂತೆ. ಆ ಮೆಟ್ಟಿಲಿನ ಬುಡದಿಂದ ಗೆರೆ ಮತ್ತೆ ಮೇಲಕ್ಕೆ ತೆವಳುತ್ತಿತ್ತು. ಹಸಿರು ಪಟ್ಟೆಯೊಳಗೇ ಇದ್ದುದರಿಂದ ಯಂತ್ರ ಅದನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಫೋನನ್ನು ತೆಗೆದುಕೊಂಡವಳು ಚಿಕ್ಕತಾಯಮ್ಮನ ಮಗಳು ಜಯಶೀಲ.

“ಜಯಶೀಲ, ನಿಮ್ಮ ತಂದೆ ಹೇಗಿದ್ದಾರೆ?”

“ನಿಮ್ಗೆ ಯಾರು ಹೇಳುದ್ರು ಮೇಡಂ? ಅಪ್ಪ ಹೋಗ್ಬುಟ್ರು. ಡ್ರಮ್ಮಿನತ್ರನೇ ಎದೆ ಹಿಡ್ಕಂಡು ಕುಂತೋರು ಏಳ್ನಿಲ್ಲ. ಹೋದ ವಾರ ತಿಥಿ ಆಯ್ತು.”

“ಅಮ್ಮ ಹೇಗಿದ್ದಾರೆ? ಜ್ವರ ಏನಾದ್ರೂ ಇದ್ಯಾ?”

“ಎರಡು ದಿನದಿಂದ ಚಳಿಚಳಿ ಅಂತ ನಡುಗ್ತಾವ್ಳೆ. ದುಃಖಕ್ಕೆ ಅನ್ಕಂಡೊ. ಆದ್ರೂ ದಿನಾ ಕನ್ನಡಿ ಮುಂದೆ ನಿಲ್ಲುಸ್ತಾ ಇವ್ನಿ ಮೇಡಂ, ತಪ್ಪುಸ್ಬ್ಯಾಡ ಅಂತ ಅಪ್ಪ ಹೇಳಿದ್ರು. ಹಸುರು ದೀಪನೇ ಬತ್ತಾ ಅದೆ.”

*

ವಿಭಾಗದ ಮುಖ್ಯಸ್ಥರು ಡಾಕ್ಟರ್ ಮುಕುಂದ. ಕೆಟ್ಟವರಲ್ಲ, ಕೈ ತೊಳೆದುಕೊಳ್ಳುವವರೂ ಅಲ್ಲ. ಮೇದಿನಿ ಹೇಳಿದ್ದನ್ನು ಪೂರ್ತಿ ಕೇಳಿದರು. ಚಾಮರಾಜನಗರದಿಂದ ಆಂಬುಲೆನ್ಸ್ ಕಳಿಸಲು ಫೋನು ಮಾಡಿದರು. ಇದ್ದ ಒಂದು ಗಾಡಿ ದೂರ ಹೋಗಿತ್ತು, ಬರಲು ಮೂರು ಗಂಟೆಯಾದರೂ ಬೇಕಿತ್ತು.

“ಆದರೆ ಸೋಂಕು ಹತ್ತಿದ್ರೆ ಮೊದಲು ದಾರಿ ಬಿಡಿಸಬೇಕು. ಇಲ್ಲಿಗೆ ಬಂದು ತಲುಪೋವರೆಗೆ ಕಾಯೋ ಹಾಗಿಲ್ಲ. ಈಗಲೇ ಕೊಡವಬೇಕು.”

“ಕೊಡವಿ ಸರ್.”

“ನನ್ನ ಕೈಲಿಲ್ಲ. ಹಸಿರಿರೋವರೆಗೂ ಅದು ಬೀಗ ತೆಗೆಯಲ್ಲ.” ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಒಂದೇ ದಾರಿ ಇದೆ. ಆಕೆ ಮೊದಲಿನ ಹಾಗೇ ಅರಿಶಿನ ಹಚ್ಚಿಕೊಂಡು ಕನ್ನಡಿ ಮುಂದೆ ನಿಲ್ಲಲಿ. ಆಗ ಹೋಲಿಕೆ ಸರಿಯಾಗತ್ತೆ. ಯಂತ್ರ ತಾನೇ ಕೊಡವತ್ತೆ. ಐದು ನಿಮಿಷದ ಕೆಲಸ.”

ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೇದಿನಿ ಅದನ್ನೇ ಜಯಶೀಲಳಿಗೆ ಹೇಳಿದಳು. ಜಯಶೀಲಳ ದನಿ ತಗ್ಗಿತು.

“ನಾನೆಂಗೆ ಹಚ್ಲಿ ಮೇಡಂ? ಮನೆ ತುಂಬ ನೆಂಟ್ರು ಅವ್ರೆ. ನಂಜತ್ತೆ ಅವ್ರೆ, ಅಪ್ಪನ ಅಕ್ಕ. ಡಬ್ಬಿನ ಬೀರುಗೆ ಹಾಕಿ ಬೀಗ ಹಾಕವ್ರೆ.”

ಇರ್ಫಾನ್ ಆಗಲೇ ಕಾರಿನ ಕೀಲಿ ಕೈಗೆತ್ತಿಕೊಂಡಿದ್ದ.

*

ಚಿಕ್ಕತಾಯಮ್ಮ ಹಿತ್ತಿಲ ಕೋಣೆಯಲ್ಲಿ ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಆಕೆಯ ಎದುರು ರಂಗಶೆಟ್ಟಿಯ ಅಕ್ಕ ನಂಜಮ್ಮ, ಮಗ್ಗುಲಲ್ಲಿ ಬಿಸಿನೀರಿನ ಚೆಂಬು, ಸೀಗೆಪುಡಿ, ಒಂದು ತುಂಡು ತೆಂಗಿನ ನಾರು. ಚಿಕ್ಕತಾಯಮ್ಮನ ಎರಡೂ ಕೆನ್ನೆಗಳು ಉಜ್ಜಿ ಉಜ್ಜಿ ತರಚಿದ್ದವು. ತರಚಿದ ಚರ್ಮದ ಸುತ್ತಲೂ ಹಳದಿ.

“ಎಂಟು ದಿನದಿಂದ ತೊಳೀತಾ ಇವ್ನಿ,” ಎಂದಳು ನಂಜಮ್ಮ, ಬಂದವರು ಯಾರೆಂದೂ ಕೇಳದೆ. ದಣಿದ ದನಿ. “ಹೋಗ್ತಾನೇ ಇಲ್ಲ ನೋಡವ್ವ. ನಲವತ್ತು ವರ್ಷ ಹಚ್ಚಿದ್ದು ಒಳಕ್ಕೇ ಇಳ್ದ್‌ಬುಟ್ಟದೆ. ಬಂದೋರೆಲ್ಲ ಬಾಗ್ಲಲ್ಲಿ ನಿಂತ್ಕಂಡು ಆಡ್ಕತಾವ್ರೆ, ಇನ್ನೂ ಬುಟ್ಟಿಲ್ಲ ಇವ್ಳು ಅಂತ.”

ಮೇದಿನಿ ಮೊಣಕಾಲೂರಿ ಕೂತು ಚಿಕ್ಕತಾಯಮ್ಮನ ಕೆಳರೆಪ್ಪೆಯನ್ನು ಬೆರಳಿಂದ ಎಳೆದು ನೋಡಿದಳು. ಒಳಗೂ ಅದೇ ಬಣ್ಣ.

“ಇದು ಅರಿಶಿನ ಅಲ್ಲಮ್ಮ,” ಎಂದಳು ನಂಜಮ್ಮನಿಗೆ. “ಪಿತ್ತ. ತೊಳೆದರೆ ಹೋಗೋದಲ್ಲ.”

ನಂಜಮ್ಮ ಕೈಯಲ್ಲಿದ್ದ ನಾರನ್ನು ನೋಡಿದಳು. ಅದನ್ನು ನೆಲಕ್ಕಿಟ್ಟು ಸೆರಗಿನಡಿ ಕೈ ಮುಚ್ಚಿಕೊಂಡಳು. ಮೇದಿನಿ ಯಂತ್ರದ ವಿಷಯವನ್ನು ಆದಷ್ಟು ಚಿಕ್ಕದಾಗಿ ಹೇಳಿದಳು. ಕನ್ನಡಿ ಕಲಿತದ್ದು ಅರಿಶಿನ ಹಚ್ಚಿದ ಮುಖವನ್ನು. ಬೋಳು ಕೆನ್ನೆಯನ್ನು ಕಂಡು ಕಾಯಿಲೆ ಇಳಿಯಿತೆಂದು ತಿಳಿದಿದೆ. ಒಂದು ಸಲ ಹಚ್ಚಿಕೊಂಡು ನಿಂತರೆ ಸ್ಪ್ರಿಂಗು ನಡುಗುತ್ತದೆ.

ಚಿಕ್ಕತಾಯಮ್ಮ ಹಲ್ಲು ಕಟಕಟ ಎನ್ನುತ್ತಿದ್ದರೂ ಕೇಳಿಸಿಕೊಂಡಳು.

“ಅಂದ್ರೆ ಮುತ್ತೈದೆಯಾಗಿದ್ರೇನೇ ಅದ್ಕೆ ನಾನು ಕಾಣೋದಾ?”

ಮೇದಿನಿ ಜಾರಿದ ಕಂಬಳಿಯನ್ನು ಆಕೆಯ ಹೆಗಲಿಗೆ ಎಳೆದಳು.

“ಅದೂ ನಮ್ಮೂರಿನಂಗೇ ಬುಡು,” ಎಂದಳು ಚಿಕ್ಕತಾಯಮ್ಮ.

ಜಯಶೀಲ ಬೀಗದಕೈ ಕೇಳಿದಳು. ನಂಜಮ್ಮ ಕೊಡಲಿಲ್ಲ, ಕೊಡುವುದಿಲ್ಲವೆಂದೂ ಅನ್ನಲಿಲ್ಲ. ಗೋಡೆಯ ಕಡೆ ತಿರುಗಿ ಕೂತಳು. ಆಮೇಲೆ ಸೊಂಟದಿಂದ ಕೀಲಿಯನ್ನು ಬಿಡಿಸಿ ಪಕ್ಕಕ್ಕಿಟ್ಟಳು. “ನಾನು ಮುಟ್ಟಕ್ಕಿಲ್ಲ. ನೋಡಕ್ಕೂ ಇಲ್ಲ. ನನ್ ತಮ್ಮ ಮಣ್ಣಿಗೋಗಿ ಇನ್ನೂ ತಿಂಗ್ಳಾಗಿಲ್ಲ,” ಎಂದಳು.

ಡಬ್ಬಿ ಬಂತು. ಚಿಕ್ಕತಾಯಮ್ಮನ ಕೈ ನಡುಕದಲ್ಲಿ ನಿಲ್ಲಲಿಲ್ಲ. ಪುಡಿ ಕಂಬಳಿಯ ಮೇಲೆ ಚೆಲ್ಲಿತು. ಜಯಶೀಲ ಬಾಗಿಲ ಕಡೆ ನೋಡಿದಳು. ಅಲ್ಲಿ ಹೆಂಗಸರು ನಿಂತಿದ್ದರು.

ಮೇದಿನಿ ಅಂಗೈಗೆ ಪುಡಿ ಹಾಕಿಕೊಂಡು ಚೆಂಬಿನ ನೀರು ಬೆರೆಸಿದಳು.

“ನೀನು ಯಾರವ್ವ?” ಎಂದು ಬಾಗಿಲಿನಿಂದ ಒಬ್ಬಳು ಕೇಳಿದಳು. ಮೇದಿನಿಯ ಬರಿ ಹಣೆಯನ್ನು ನೋಡಿ, “ನೀನಾದ್ರೂ ಮುತ್ತೈದೆಯಾ?”

“ಅಲ್ಲ,” ಎಂದಳು ಮೇದಿನಿ, ಕಲಸುವುದನ್ನು ನಿಲ್ಲಿಸದೆ.

ತರಚಿದ ಜಾಗಕ್ಕೆ ತಾಗಿದಾಗ ಚಿಕ್ಕತಾಯಮ್ಮ ಉರಿಗೆ ಕಣ್ಣು ಮುಚ್ಚಿದಳು. ಎರಡು ವರ್ಷದಿಂದ ಮುಟ್ಟದ ಆ ವಾಸನೆ ಮೇದಿನಿಯ ಮೂಗಿಗೆ ಬಂತು. ಏನೂ ಅನ್ನಿಸಲಿಲ್ಲ. ಬೆರಳು ಮಾತ್ರ ಕೆನ್ನೆಯಿಂದ ಗದ್ದಕ್ಕೆ ತಾನಾಗಿ ಇಳಿಯಿತು, ಹೇಗೆ ಹಚ್ಚಬೇಕೆಂದು ಅದಕ್ಕೆ ಇನ್ನೂ ಗೊತ್ತಿತ್ತು.

ಇಬ್ಬರೂ ಹಿಡಿದುಕೊಂಡು ಆಕೆಯನ್ನು ಕನ್ನಡಿಯ ಮುಂದೆ ನಿಲ್ಲಿಸಿದರು. ದೀಪ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಪಟ್ಟಿ ಗುಂಯ್ ಎಂದು ಮಿಡಿಯಿತು. ಚಿಕ್ಕತಾಯಮ್ಮ ಗೋಡೆಗೆ ಹಣೆಯಿಟ್ಟು ಅದು ಮುಗಿಯುವವರೆಗೂ ನಿಂತಳು.

*

ಆಕೆ ಬದುಕಿಕೊಂಡಳು. ಆಸ್ಪತ್ರೆಯಲ್ಲಿ ಸೋಂಕಿಗೆ ಔಷಧಿ ಏರಿಸಿದರು, ಜ್ವರ ಬಿಟ್ಟಿತು. ಆದರೆ ಗೆಡ್ಡೆ ಬಲೆಯ ಕಣ್ಣುಗಳೊಳಗೆ ಬೆಳೆದು ಬಂದಿತ್ತು. ಇನ್ನೊಂದು ಸ್ಟೆಂಟು ತೂರಿಸಲು ಜಾಗವಿರಲಿಲ್ಲ. ದಿನವೂ ಕೊಡವುತ್ತ ಇದ್ದರೆ ಇನ್ನಷ್ಟು ಕಾಲ, ಎಂದರು ಡಾಕ್ಟರು. ಎಷ್ಟು ಕಾಲವೆಂದು ಚಿಕ್ಕತಾಯಮ್ಮ ಕೇಳಲಿಲ್ಲ.

ಕನ್ನಡಿಗೆ ಹೊಸ ಮುಖ ಕಲಿಸಬೇಕಿತ್ತು. ಅದಕ್ಕೆ ರಕ್ತದಲ್ಲಿ ಪಿತ್ತ ಸರಿಯಾದ ಮಟ್ಟಕ್ಕೆ ಇಳಿಯಬೇಕು. ಕಾಯಿಲೆಯ ಮುಖವನ್ನು ಆರೋಗ್ಯವೆಂದು ಕಲಿಸುವಂತಿಲ್ಲ. ಆಕೆಯದು ಆ ಮಟ್ಟಕ್ಕೆ ಮತ್ತೆ ಇಳಿಯಲೇ ಇಲ್ಲ. ಹೊಸದಾಗಿ ಬರುವ ರೋಗಿಗಳಿಗೆ ಮೊದಲ ದಿನ ಮುಖ ತೊಳೆಸಿ ಬಣ್ಣ ಹಿಡಿಯಬೇಕೆಂದು ಕೈಪಿಡಿ ತಿದ್ದಿದರು. ಪಿತ್ತ ಇಳಿಯದ ಹಳಬರಿಗೆ ಹಳೆಯ ಮುಖವೇ ಗತಿ.

ಹಾಗಾಗಿ ಚಿಕ್ಕತಾಯಮ್ಮ ಪ್ರತಿ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಅರಿಶಿನ ಹಚ್ಚಿಕೊಂಡಳು. ಕನ್ನಡಿಯ ಮುಂದೆ ನಿಂತಳು. ಪಟ್ಟಿ ಮಿಡಿದ ಮೇಲೆ ಮುಖ ತೊಳೆದು ಹೊರಗೆ ಬಂದಳು. ತೊಳೆದರೂ ಅಂಚಿನಲ್ಲಿ ಉಳಿಯುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮದುವೆಯ ಕರೆ ಬಂದಾಗ ಜಯಶೀಲಳ ಹೆಸರು ಮಾತ್ರ ಹೇಳಿ ಹೋದರು. ನಂಜಮ್ಮ ಮತ್ತೆ ಆ ಮನೆಗೆ ಬರಲಿಲ್ಲ.

ಇದೆಲ್ಲ ಮೇದಿನಿಗೆ ಗೊತ್ತಾಗುತ್ತಿದ್ದುದು ಜಯಶೀಲಳಿಂದ. ಮೇದಿನಿ ಈಗ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಒಂದು ಸಲ ಚಿಕ್ಕತಾಯಮ್ಮನೇ ಫೋನನ್ನು ಇಸಿದುಕೊಂಡಳು.

“ಅವ್ವ, ಒಂದ್ ಮಾತು ಕೇಳ್ತೀನಿ. ನಿಂಗೂ ಯಜಮಾನ್ರಿಲ್ಲ ಅಂದ್ಲು ಮಗ್ಳು.”

“ಹೌದಮ್ಮ.”

“ನಿಂಗೆ ಆಸೆ ಆಯ್ತದಾ, ಹಚ್ಕಬೇಕು ಅಂತ?”

“ಇಲ್ಲ,” ಎಂದಳು ಮೇದಿನಿ. ಯೋಚಿಸಿ, “ಯಾವುದಕ್ಕೂ ಆಗಲ್ಲ,” ಎಂದಳು.

“ನಂಗೆ ಆಯ್ತಿತ್ತು ಕನವ್ವ, ಮೊದಮೊದ್ಲು. ಈಗ ಕೈಲಿ ಮುಟ್ಟುದ್ರೆ ಔಷ್ದಿ ವಾಸ್ನೆ ಬತ್ತದೆ. ಅವ್ನು ಮೈ ತುಂಬ ಮೆತ್ಕಂಡು ಬತ್ತಿದ್ದ ವಾಸ್ನೆ ಅದು. ಅದ್ನೂ ಕಿತ್ಕಂಡ್‌ಬುಟ್ರಲ್ಲ ನೀವು.”

ಮೇದಿನಿ ಅಂದು ಕೆಲಸ ಮುಗಿಯುವವರೆಗೂ ಯಾರೊಂದಿಗೂ ಮಾತಾಡಲಿಲ್ಲ. ಅದನ್ನು ಇರ್ಫಾನ್ ಗಮನಿಸಲೂ ಇಲ್ಲ. ಅವಳು ಇರುತ್ತಿದ್ದುದೇ ಹಾಗೆ.

*

ಒಂದು ಬೆಳಿಗ್ಗೆ ಪರದೆಯ ಮೇಲೆ ಮತ್ತೆ ಮೆಟ್ಟಿಲು ಕಾಣಿಸಿತು. ಕೆಂಪಿನ ಅಂಚಿನಲ್ಲಿದ್ದ ಗೆರೆ ಒಮ್ಮೆಗೇ ಕೆಳಗೆ ಬಿದ್ದು ಹಸಿರಿನಲ್ಲಿ ನಿಂತಿತ್ತು. ಯಂತ್ರ ಆಗಲೇ ಇವತ್ತಿನ ಕೊಡವುವಿಕೆ ಬೇಕಿಲ್ಲವೆಂದು ತೀರ್ಮಾನಿಸಿತ್ತು.

ಮೇದಿನಿ ಫೋನು ಮಾಡಿದಳು. ಚಿಕ್ಕತಾಯಮ್ಮನೇ ತೆಗೆದಳು; ಕಾದು ಕೂತವಳಂತೆ.

“ಗೊತ್ತಾಯ್ತಾ ಅಲ್ಲಿ?”

“ನನಗೆ ಗೊತ್ತಾಯ್ತು. ಯಂತ್ರಕ್ಕೆ ಗೊತ್ತಾಗಿಲ್ಲ.”

“ಅದ್ಕೆ ಎಲ್ಲಿ ಗೊತ್ತಾಯ್ತದೆ ಬುಡು.” ಉಸಿರು ತೆಗೆದುಕೊಂಡಳು. “ಇವತ್ತು ಹಚ್ಕಳ್ನಿಲ್ಲ. ನಾಳಿಕೂ ಹಚ್ಕಳಕ್ಕಿಲ್ಲ.”

“ಹಚ್ಕೊಳ್ಳದಿದ್ರೆ ಅದು ಕೊಡವಲ್ಲ ಅಮ್ಮ. ಮುಚ್ಚಿಹೋಗತ್ತೆ. ಮತ್ತೆ ಜ್ವರ ಬರತ್ತೆ.”

“ಗೊತ್ತು. ನೀನೇ ಹೇಳಿದ್ದಲ್ಲ.”

“ಜಯಶೀಲಂಗೆ ಗೊತ್ತಾ?”

“ಅವ್ಳ ಮುಂದೇನೇ ಹೇಳ್ತಾ ಇವ್ನಿ. ಅಳ್ತಾ ಕುಂತವ್ಳೆ. ಅವ್ಳು ಅಳ್ಲಿ, ಅವ್ಳ ಕೆಲ್ಸ ಅದು. ಸ್ಪ್ರಿಂಗು ಕೊಡವ್ದಾಗೆಲ್ಲ ಒಳಗೆ ಕುಯ್ದಂಗಾಯ್ತದೆ ಈಗ. ಜೀರುಂಡೆ ಅಲ್ಲ ಅದು. ಎಷ್ಟು ದಿನ ಅಂತ ಬಾಗ್ಲಾಕ್ಕಂಡು ಮುತ್ತೈದೆ, ಬಾಗ್ಲು ತೆಗ್ದು ರಂಡೆ ಆಗನವ್ವ? ಸಾಕು.”

ಮೇದಿನಿ ರಿಸೀವರ್ ಹಿಡಿದುಕೊಂಡೇ ಇದ್ದಳು. ಹೇಳಬೇಕಾದ ಮಾತುಗಳು ಕೈಪಿಡಿಯಲ್ಲಿದ್ದವು. ರೋಗಿಗೆ ಧೈರ್ಯ ಹೇಳುವುದು, ಮನವೊಲಿಸುವುದು. ಅವಳು ಕೇಳಿದಳು, “ನೋವಿಗೆ, ನವೆಗೆ ಔಷಧಿ ಕೊಡಿಸ್ತೀನಿ. ಅದನ್ನ ತಗೋತೀರಾ?”

“ಅದು ತಕತೀನಿ,” ಎಂದಳು ಚಿಕ್ಕತಾಯಮ್ಮ.

ಡಾಕ್ಟರ್ ಮುಕುಂದ ಅಷ್ಟರಲ್ಲಿ ಬಂದು ಮೇದಿನಿಯ ಬೆನ್ನ ಹಿಂದೆ ನಿಂತಿದ್ದರು. ಗೆರೆಯನ್ನು ನೋಡಿದರು. ಈಗ ಅವರಿಗೂ ಮೆಟ್ಟಿಲು ಓದಲು ಬರುತ್ತಿತ್ತು.

“ಮುಖ ತೊಳೆದಿದ್ದಾರಾ?”

“ಹೌದು ಸರ್. ಇನ್ನು ಹಚ್ಚಿಕೊಳ್ಳಲ್ಲ ಅಂದರು. ತಿಳಿದೇ ಹೇಳಿದರು.”

“ಈ ಅಳತೆ ಮೇಲೆ ಅನುಮಾನ ಇದೆ ಅಂತ ನೀವು ಗುರುತು ಹಾಕಿದರೆ ಯಾರನ್ನಾದರೂ ಕಳಿಸಬಹುದು. ಅಲ್ಲೇ ರಕ್ತ ನೋಡಿ…”

“ಅನುಮಾನ ಇಲ್ಲ ಸರ್. ಅವರು ಬೇಡ ಅಂದಿದ್ದಾರೆ.”

ಹಳದಿ ಮತ್ತೆ ಏರಿ ಕೆಂಪು ಮುಟ್ಟಿದರೂ ಯಂತ್ರ ಕೊಡವದಂತೆ ಪಟ್ಟಿಯ ಸಂಪರ್ಕವನ್ನು ಕಡಿಯುವ ಅಪ್ಪಣೆ ಮಾತ್ರ ಇನ್ನೂ ಮನುಷ್ಯರ ಕೈಯಲ್ಲಿತ್ತು. ಮುಕುಂದ ಬಾಗಿ ತಮ್ಮ ಬೆರಳಚ್ಚು ಒತ್ತಿ, ತಮ್ಮ ಕೋಣೆಗೆ ಹೋದರು. ಇರ್ಫಾನ್ ಮೇದಿನಿಯ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟ. ತಮಾಷೆ ಮಾಡಲಿಲ್ಲ.

*

ಭಾನುವಾರ ಮೇದಿನಿ ಔಷಧಿ ತೆಗೆದುಕೊಂಡು ತಾನೇ ಹೋದಳು.

ಚಿಕ್ಕತಾಯಮ್ಮ ಜಗಲಿಯ ಮೇಲೆ ದಿಂಬಿಗೆ ಒರಗಿ ಬಿಸಿಲಿಗೆ ಕೂತಿದ್ದಳು. ಮೇದಿನಿ ಪಕ್ಕದಲ್ಲಿ ಕೂತಳು. ಜಯಶೀಲ ಕಾಲಿಗೆ ನವೆಯ ಮುಲಾಮು ಸವರುತ್ತಿದ್ದಳು. ಬೀದಿಯ ಆಚೆ ಕಣದಲ್ಲಿ ಯಾರದೋ ಅರಿಶಿನ ಒಣಗುತ್ತಿತ್ತು.

ತೊಳೆದು ಒರೆಸಿದ ಬರಿ ಕೆನ್ನೆ. ಅದರ ಮೇಲೆ ಹಳದಿ ಏರಿತ್ತು. ಕುತ್ತಿಗೆಯಿಂದ, ಕಿವಿಯ ಹಿಂದಿನಿಂದ, ಒಳಗಿನಿಂದ. ಮಧ್ಯಾಹ್ನದ ಬೆಳಕಿನಲ್ಲಿ ಅದು ಈಗಷ್ಟೇ ಹಚ್ಚಿದಂತೆ ಹೊಳೆಯಿತು.

ಬೀದಿಯಲ್ಲಿ ಇಬ್ಬರು ಹೆಂಗಸರು ಪುಟ್ಟಿ ಹೊತ್ತು ಹೋಗುತ್ತಿದ್ದರು. ಜಗಲಿಯ ಕಡೆ ನೋಡಿ ಒಬ್ಬಳು ಇನ್ನೊಬ್ಬಳ ತೋಳು ತಿವಿದಳು.

“ಹಗಲೊತ್ತಲ್ಲೇ ಬಳ್ಕಂಡು ಕುಂತವ್ಳೆ ನೋಡು, ನಾಚ್ಕೆಯಿಲ್ದೆ.”

ಜಯಶೀಲ ಮುಲಾಮಿನ ಕೈಯಲ್ಲೇ ಎದ್ದಳು. “ಹಚ್ಕಂಡಿಲ್ಲ ಅವ್ಳು, ಅದು…”

ಚಿಕ್ಕತಾಯಮ್ಮ ಮಗಳ ಸೀರೆಯ ಸೆರಗು ಹಿಡಿದು ಕೂರಿಸಿದಳು.

“ಅನ್ಕಳ್ಲಿ ಬುಡು,” ಎಂದಳು.